ಮೂರನೆಯ ಗೂಡಿನ ಗಣಪತಿ

ಮೊನ್ನೆ ದೇವರ ಗೂಡು ಒರೆಸುವಾಗ ಬೆರಳಿಗೆ ಎಣ್ಣೆಮಸಿ ಹತ್ತಿತು. ಮೂಸಿ ನೋಡಿದೆ. ಸುಟ್ಟ ಬತ್ತಿ, ಹಳೆಯ ಎಳ್ಳೆಣ್ಣೆ... ಚಿಕ್ಕಮ್ಮ ಎಂಬಂತೆ ನಾನು ಕಾಕು ಎಂದು ಕರೆಯುತ್ತಿದ್ದ ಕೆಳಗಿನ ಮನೆಯಾಕೆ ನೆನಪಾದರು.

ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಪುಣೆಗೆ ಬಂದಾಗ, ಕನ್ನಡದಲ್ಲಿ ಮಾತಾಡಲು ಮೊದಲು ಸಿಕ್ಕವರು ಅವರು. ಅದೂ ದೇವರ ದಯೆಯೇ. ಅವರ ಯಜಮಾನರದು ಘಾಟಿನ ರೈಲು ಹಳಿಯ ಗುಂಟ ನಡೆದು ತಪಾಸಣೆ ಮಾಡುವ ಕೆಲಸವಾಗಿತ್ತು. ಸುರಂಗದಲ್ಲಿ ಗಾಡಿ ಬಂದರೆ ಸರಿದು ನಿಲ್ಲಲು ಗೋಡೆಯಲ್ಲಿ ಗೂಡುಗಳಿರುತ್ತವಂತೆ. ಅಂಥದೊಂದರಲ್ಲಿ ಅವರು ಪುಟ್ಟ ಗಣಪತಿಯನ್ನಿಟ್ಟು ದಿನಾ ದೀಪ ಹಚ್ಚುತ್ತಿದ್ದರು. ಎಣ್ಣೆಯ ಶೀಶೆ ತುಂಬಿಸಿ ಕೊಡುತ್ತಿದ್ದವರು ಕಾಕು.

"ಇಪ್ಪತ್ತು ವರ್ಷ ಎಣ್ಣಿ ಕೊಟ್ಟೀನಿ ತಂಗಿ, ಒಮ್ಮೆನೂ ಆ ಗಣಪ್ಪನ ಮಾರಿ ನೋಡಿಲ್ಲ," ಎನ್ನುತ್ತಿದ್ದರು.

ಯಜಮಾನರು ತೀರಿಕೊಂಡರು. ಆಮೇಲೆ ಆ ದಾರಿಯಲ್ಲಿ ರೈಲೂ ನಿಂತಿತು. ಹಳಿ ಕಿತ್ತು ಜನ ಅಡ್ಡಾಡುವ ದಾರಿ ಮಾಡಿದರು. ನಮ್ಮ ಭಜನಾ ಮಂಡಳಿಯವರು ಒಂದು ದಿನ ಅಲ್ಲಿ ನಡೆಯಲು ಹೊರಟಾಗ ಕಾಕುವಿನ ಕಣ್ಣು ಮಂಜಾಗಿತ್ತು, ಇನ್ನು ಹೆಚ್ಚು ದಿನ ಕಾಣಿಸದು ಎಂದು ಡಾಕ್ಟರು ಹೇಳಿಯಾಗಿತ್ತು.

"ಪೂರಾ ಕತ್ತಲಾಗೂದ್ರೊಳಗ ಒಮ್ಮೆ ನೋಡಿ ಬರ್ತೀನಿ. ನೀ ಕೈ ಹಿಡಕೋ," ಎಂದರು.

ಘಾಟಿನ ತುಂಬ ಮೋಡ ಇಳಿದಿತ್ತು. ಮುಂದೆ ಹೋದವರ ಸೀರೆಗಳ ಬಣ್ಣವಷ್ಟೇ ತೇಲುತ್ತಿತ್ತು. ದಾಸರ ಪದವೊಂದು ಎಲ್ಲಿಂದಲೋ ಬರುತ್ತಿತ್ತು... ಕಾಕು ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ಎಣ್ಣೆಯ ಶೀಶೆ ಇಟ್ಟುಕೊಂಡು ಮದುವೆಗೆ ಹೊರಟವರಂತೆ ನಡೆದಿದ್ದರು.

"ಕಾಕು, ನಡು ದಾರ್ಯಾಗ ನಡೀಬ್ಯಾಡ್ರಿ, ಗಾಡಿ ಬಂದೀತು," ಎಂದು ಹಿಂದಿನಿಂದ ಒಬ್ಬಾಕೆ ನಗುತ್ತ ಚಾಷ್ಟಿ ಮಾಡಿದಳು.

"ಬರ್ಲಿ ಬಿಡವಾ. ನನ್ನ ಕಡೆ ಪಾಸ್ ಅದ."

ಸುರಂಗದೊಳಗೆ ನೀರು ತೊಟ್ಟಿಕ್ಕುತ್ತಿತ್ತು. ಎಡಕ್ಕೆ ಮೂರನೆಯ ಗೂಡು ಎಂದು ಯಜಮಾನರು ಹೇಳಿದ್ದರಂತೆ. ಒಂದು, ಎರಡು... ಮೂರನೆಯದಕ್ಕೆ ಬ್ಯಾಟರಿಯ ಬೆಳಕು ಬಿಟ್ಟೆ. ಗೂಡು ಖಾಲಿ ಇತ್ತು.

"ಅದಾನೇನು?" ಕಾಕು ಕೇಳಿದರು.

ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ಅಂದು ಹೇಳಿದೆ. "ಅದಾನ್ರಿ. ಭಾಳ ಸಣ್ಣವ ಅದಾನ."

ಅವರು ಕೈ ಚಾಚಿದರು. ಬೆರಳುಗಳು ಗೂಡಿನೊಳಗೆಲ್ಲ ತಡಕಾಡಿದವು. ಕೊನೆಗೆ ಮೇಲಿನ ಕಲ್ಲನ್ನು ಸವರಿ, ಕರಿ ಹತ್ತಿದ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಸುಳ್ಳ್ಯಾಕ ಹೇಳ್ತಿ, ತಂಗಿ? ಅವ ಎಲ್ಲೋ ಹೋಗ್ಯಾನ. ನನ್ನ ಎಣ್ಣಿ ಇಲ್ಲೇ ಅದ."

ಆ ಮಸಿಯನ್ನು ಹಣೆಗೆ ಹಚ್ಚಿಕೊಂಡರು, ನನಗೂ ಹಚ್ಚಿದರು. ಖಾಲಿ ಗೂಡಿನಲ್ಲೇ ದೀಪ ಹಚ್ಚಿಸಿದರು.

ಮರುವರ್ಷ ಅವರ ಕಣ್ಣು ಪೂರ್ತಿ ಹೋಯಿತು. ಕೆಲವು ವರ್ಷಕ್ಕೆ ಅವರೂ ಹೋದರು. ಕೆಳಗಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಆಗ ನನ್ನ ಮೊಣಕಾಲು ಗಟ್ಟಿ ಇದ್ದವು, ಕರೆದುಕೊಂಡು ಹೋದೆ. ಅಷ್ಟು ಪುಣ್ಯ ನನ್ನ ಪಾಲಿಗಿತ್ತು.

ಮೊನ್ನೆ ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಗೂಡಿನ ಮೇಲ್ಭಾಗವನ್ನು ಒರೆಸದೆ ಹಾಗೇ ಬಿಟ್ಟೆ.