ಬಂಡೆಗೂ ಅಮ್ಮನ ಸೊಂಟಕ್ಕೂ ನಡುವಿನ ಎರಡಿಂಚು

ಎಂಜಿನಿಯರಿಂಗ್ ಮಾತು ಹಾಗಿರಲಿ, ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೇ ಮೊದಲು. ತೊಂಬತ್ತರ ದಶಕದ ನಡುವಿನ ವರ್ಷಗಳವು. ಮೆಕ್ಯಾನಿಕಲ್ ಮುಗಿಸಿ ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಟ್ರೈನಿಯಾಗಿ ಸೇರಿದ್ದೆ. ಸರ್ಜಾಪುರದ ಕಡೆಯ ನಮ್ಮೂರಿನಿಂದ ದಿನವೂ ಬಸ್ಸು. "ಎಣ್ಮಗೀಗೆ ಕಬ್ಬಿಣದ ಓದು ಯಾಕ್ಲಾ?" ಎಂದು ಅಪ್ಪನನ್ನು ಕೇಳದ ನೆಂಟರಿರಲಿಲ್ಲ. ಆ ಓದಿಗೆ ಮನೆಯಲ್ಲಿ ಮೊದಲು ಕೆಲಸ ಕೊಟ್ಟದ್ದು ನಮ್ಮ ಹಳೇ ಪಿಕಪ್ಪು.

ಗಾಡಿ ಓಡಿಸುವವನು ಚಿಕ್ಕಪ್ಪ. ನಮ್ಮ ತೋಟದ ಟೊಮೊಟೊ ಬುಟ್ಟಿಗಳನ್ನು ಅದಕ್ಕೆ ಏರಿಸುವವಳು ಅಮ್ಮ. ಅವಳ ಬಲಗೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಆದರೂ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಂದು, ತೊಡೆಯಿಂದ ಒಂದು ನೂಕು ನೂಕಿದಳೆಂದರೆ ಅದು ಗಾಡಿಯ ಹಲಗೆಯ ಮೇಲೆ ಜಾರಿ ಕೂತುಬಿಡುತ್ತಿತ್ತು. ಯಾವ ಬುಟ್ಟಿ ಕೆಳಗೆ, ಯಾವುದು ಮೇಲೆ ಎಂಬುದರಲ್ಲಿ ಅವಳದೇ ಮಾತು.

ಊರ ಬಾಗಿಲಲ್ಲಿ ದಾರಿಗೆ ಅಡ್ಡ ಒಂದು ಬಂಡೆ ಬೆನ್ನು ಎತ್ತಿಕೊಂಡಿತ್ತು. ಅದು ಮುನೇಶ್ವರನ ಬಂಡೆ. ಹಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುವ ಬಂಡೆಗೆ ಸುತ್ತಿಗೆ ಮುಟ್ಟಿಸುವವರು ಯಾರು? ಚಕ್ರಗಳ ಮೇಲೆ ಗಾಡಿಯ ಭಾರ ಹೊರುವ ಕಮಾನು ಪಟ್ಟಾಗಳು ಹಳೆಯವಾಗಿ ಕುಸಿದಿದ್ದವು. ಲೋಡು ತುಂಬಿದಾಗಲೆಲ್ಲ ಹೊಟ್ಟೆ ಬಂಡೆಗೆ ಉಜ್ಜಿ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಅರ್ಧ ಬುಟ್ಟಿಗಳನ್ನು ಇಳಿಸಿ, ಬಂಡೆ ದಾಟಿಸಿ, ಮತ್ತೆ ಹತ್ತಿಸಬೇಕು.

"ಗಾಡೀನ ಆರಿಂಚು ಎತ್ಸೋಣ ಕಣಣ್ಣ. ಆನೆ ನಿಂತಂಗೆ ನಿಲ್ಬೇಕು," ಅಂದ ಚಿಕ್ಕಪ್ಪ, ಅಪ್ಪನಿಗೆ.

"ಆನೆ ಮ್ಯಾಕೆ ಬುಟ್ಟಿ ಏರ್ಸೋರ್ಯಾರು, ನೀನಾ?" ಅಂದಳು ಅಮ್ಮ. "ಸ್ಟೇರಿಂಗ್ ಬಿಟ್ಟು ಕೆಳೀಕೆ ಇಳಿದೋನಲ್ಲ ನೀನು."

"ಆಳು ಮಡಗೋಣ ಬಿಡತ್ಗೆ."

ಅಮ್ಮ ಹೋಗಿ ಗಾಡಿಯ ಹಲಗೆಗೆ ಸೊಂಟ ಆನಿಸಿ ನಿಂತಳು. ಆಳು ಬಂದ ಮೇಲೆ ತಾನು ಗಾಡಿಯ ಹತ್ತಿರ ನಿಲ್ಲುವುದಕ್ಕೂ ಕಾರಣವಿರುವುದಿಲ್ಲ ಎಂದು ಅವಳಿಗೆ ಹೊಳೆದಿತ್ತು; ಅದು ನನಗೂ ಕಂಡಿತು.

ಅಪ್ಪ ನನ್ನ ಕಡೆ ತಿರುಗಿದ. "ನೀನ್ ಓದಿದ್ದೀಯಲ್ಲ ಮಗಾ, ಎಷ್ಟು ಎತ್ಬೇಕು ನೀನೇ ಏಳು."

ಭಾನುವಾರ ಗಾಡಿ ಪೂರ್ತಿ ತುಂಬಿಸಿ ಬಂಡೆಯ ಹತ್ತಿರ ನಿಲ್ಲಿಸಿದೆ. ಹಿಂದಿನ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದೆ. ಆಮೇಲೆ ಒಂದೊಂದೇ ಬುಟ್ಟಿ ಇಳಿಸುತ್ತ, ಪ್ರತಿ ಸಲವೂ ಚಿಕ್ಕಪ್ಪನಿಂದ ಬಂಡೆ ಹತ್ತಿಸಿದೆ. ಅರಳಿಕಟ್ಟೆಯ ಮೇಲಿದ್ದವರಿಗೆ ಒಳ್ಳೇ ತಮಾಷೆ. "ಏನ್ ಗುರು, ಬಂಡೇಗೆ ಪ್ರದಕ್ಷಿಣೆನಾ?" ಎಂದು ಒಬ್ಬ ಕೂಗಿದ. ಚಿಕ್ಕಪ್ಪನ ಮುಖ ಕೆಂಪಾಯಿತು. ನಾನು ಬಿಡಲಿಲ್ಲ. ಕೊನೆಗೊಮ್ಮೆ ಗಾಡಿ ಉಜ್ಜದೆ ದಾಟಿತು. ಮತ್ತೆ ಅದೇ ಜಾಗದಲ್ಲಿ ಅಳೆದೆ. ಮೊದಲಿಗಿಂತ ಒಂದೂವರೆ ಇಂಚು ಹೆಚ್ಚು. ಅಂದರೆ ಪೂರ್ತಿ ಲೋಡಿನಲ್ಲಿ ನಮಗೆ ಕಮ್ಮಿ ಬೀಳುತ್ತಿದ್ದದ್ದು ಅಷ್ಟೇ!

ಇದು ಬಂಡೆಯ ಲೆಕ್ಕ. ಅಮ್ಮನದು ಇನ್ನೂ ಬಾಕಿ ಇತ್ತು.

ತುಂಬಿದ ಗಾಡಿ ತಗ್ಗುತ್ತದೆ, ಖಾಲಿ ಗಾಡಿ ಎತ್ತರ ನಿಲ್ಲುತ್ತದೆ. ಅಮ್ಮನಿಗೆ ಕಷ್ಟ ಕೊಡುವುದು ಮೊದಲ ಬುಟ್ಟಿಗಳೇ. ಆದ್ದರಿಂದ ಗಾಡಿ ಖಾಲಿ ಮಾಡಿಸಿ, ಎತ್ತರ ಹೆಚ್ಚಿದಂತೆ ಆಗಲೆಂದು ಹಿಂದಿನ ಅಂಚಿನಲ್ಲಿ ಇಂಚು ದಪ್ಪದ ಒಂದು ಹಲಗೆ ಇಟ್ಟೆ. "ಬುಟ್ಟಿ ಇಡಮ್ಮ." ಇಟ್ಟಳು. ಅದರ ಮೇಲೆ ಅಷ್ಟೇ ದಪ್ಪದ ಇನ್ನೊಂದು ಹಲಗೆ. ಸ್ವಲ್ಪ ತಿಣುಕಿದಳು, ಆದರೂ ಬುಟ್ಟಿ ಜಾರಿ ಕೂತಿತು. ಮೂರನೆಯ ಹಲಗೆಗೆ ಬುಟ್ಟಿ ಅಂಚಿಗೆ ತಗುಲಿ ವಾಪಸು ಅವಳ ಎದೆಗೇ ಬಂತು.

"ಆಗಾಕಿಲ್ಲ ಕಣೇ," ಅಂದಳು, ತಪ್ಪು ತನ್ನದೇ ಎಂಬಂತೆ.

"ಎಲ್ಲೀತನಕ ಆಗುತ್ತೆ ಅಂತ ನೋಡೋಕೇ ಇಟ್ಟಿದ್ದು ಕಣಮ್ಮ. ಎರಡಿಂಚು ಸಾಕು. ಬಂಡೆನೂ ದಾಟುತ್ತೆ, ನಿಂಗೂ ಎಟುಕುತ್ತೆ."

ಹೊಸೂರು ರಸ್ತೆಯಲ್ಲಿದ್ದ ಪಟ್ಟಾ ಅಂಗಡಿಯವನು ಮಾತ್ರ ಒಪ್ಪಲು ತಯಾರಿರಲಿಲ್ಲ. "ಎರಡಿಂಚಿಗೆಲ್ಲ ಯಾರು ಪಟ್ಟಾ ಬಿಚ್ತಾರೆ ಮೇಡಂ? ನಾಲ್ಕು ಕೊಡ್ತೀನಿ, ಸಕ್ಕತ್ತಾಗಿ ಕಾಣತ್ತೆ." ಚಿಕ್ಕಪ್ಪನ ಕಣ್ಣು ಅರಳಿತು. "ಕಾಣೋದು ಬೇಡಣ್ಣ, ಎರಡೇ ಇಂಚು. ಲೋಡ್ ಬಿದ್ದು ಕೂತ್ಕೊಳ್ಳೋದಕ್ಕೆ ಕಾಲಿಂಚು ಮೇಲೆ ಕೊಡಿ," ಅಂದೆ. ಅವನು ಒಂದು ಕ್ಷಣ ನನ್ನನ್ನು ನೋಡಿ, "ಓದಿರೋರಾ?" ಅಂದ. ಅಪ್ಪ ನನಗಿಂತ ಮೊದಲು "ಊಂ ಸಾಮಿ, ಇಂಜಿನೇರು. ನನ್ ಮಗಳು," ಅಂದ. ಅಂಗಡಿಯವನು ಪಟ್ಟಾಗಳನ್ನು ಬಿಚ್ಚಿ, ಒಂದೊಂದನ್ನೂ ಸುತ್ತಿಗೆಯಲ್ಲಿ ಬಡಿದು ಕಮಾನು ಏರಿಸಿದ. ನಾನು ಕಾರ್ಖಾನೆಗೆ ರಜೆ ಹಾಕಿ, ಪ್ರತಿಯೊಂದರ ಬಾಗನ್ನೂ ಅಳೆಯುತ್ತ ಅಲ್ಲೇ ನಿಂತಿದ್ದೆ.

ಮರುದಿನ ಬೆಳಗ್ಗೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ದಾಯಿತು. ಖಾಲಿ ಗಾಡಿಗೆ ಮೊದಲ ಬುಟ್ಟಿ ತಂದಳು ಅಮ್ಮ. ಸೊಂಟ, ತೊಡೆ, ಒಂದು ನೂಕು. ಬುಟ್ಟಿ ಒಳಗೆ ಜಾರಿತು. ಅವಳು ನನ್ನ ಕಡೆ ನೋಡಲೂ ಇಲ್ಲ, ಎರಡನೆಯದನ್ನು ತರಲು ಹೊರಟಳು. ನನ್ನ ಪದವಿ ಪತ್ರ ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಪೂರ್ತಿ ಲೋಡಿನ ಗಾಡಿ ಬಂಡೆಯನ್ನು ಮುಟ್ಟದೆ ದಾಟಿಹೋಯಿತು.

ಆ ವಾರವೇ ಪಕ್ಕದ ತೋಟದವರು ಮನೆಗೆ ಬಂದರು. "ನಮ್ ಗಾಡೀನೂ ಎತ್ತಿಸ್ಬೇಕು. ಎಷ್ಟಿಂಚು ಅಂತ ಏಳವ್ವ."

"ನಿಮ್ಮಲ್ಲಿ ಲೋಡ್ ಮಾಡೋರ್ಯಾರು ಮಾವ?"

"ಇನ್ಯಾರು, ನಿಮ್ಮತ್ತೆ."

"ಅಂಗಾದ್ರೆ ಗಾಡಿ ಜೊತೆ ಅತ್ತೇನೂ ಕರ್ಕೊಂಡ್ ಬನ್ನಿ."

ಅವರು ತಲೆ ಕೆರೆದುಕೊಂಡರು. ಒಳಗಿನಿಂದ ಅಮ್ಮನ ದನಿ ಬಂತು: "ಬರೋವಾಗ ತುಂಬಿದ ಬುಟ್ಟೀನೂ ತರಾಕೇಳು!"