ಹಾಜರಿ ನಂಬರ್ ಹನ್ನೊಂದು

ನನ್ನ ಮೊದಲ ಕೆಲಸ ಪ್ರಶ್ನೆ ಕೇಳುವುದಾಗಿತ್ತು. ಚಿಕ್ಕಂದಿನಿಂದ ಮನೆಯಲ್ಲಿ ಪ್ರಶ್ನೆ ಕೇಳಿ ಕೇಳಿ ಬೈಸಿಕೊಂಡವಳನ್ನು ಅದಕ್ಕೇ ಯಾರಾದರೂ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದರೆ ನಂಬಲಾಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೋಲಾರದಲ್ಲಿ ಬಿ.ಎ. ಮುಗಿಸಿ ಶ್ರೀನಿವಾಸಪುರದ ಮನೆಯಲ್ಲಿ ಕೂತು, ಬಂದ ನೆಂಟರಿಗೆಲ್ಲ ಕಾಫಿ ಕೊಟ್ಟು ನನಗೆ ಸಾಕಾಗಿತ್ತು. ಆಗ ಬೆಂಗಳೂರಿನಿಂದ ಒಬ್ಬ ಮೇಡಂ ಬಂದರು. ಹಳ್ಳಿ ಶಾಲೆಗಳಲ್ಲಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಯಾಕೆ ಓದು ಅರ್ಧಕ್ಕೆ ಬಿಡುತ್ತಾರೆ ಎಂಬುದರ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಮನೆಮನೆಗೆ, ಶಾಲೆಶಾಲೆಗೆ ಹೋಗಿ ವಿಚಾರಿಸಿ ಬರಲು ಅವರಿಗೆ ಹುಡುಗಿಯರು ಬೇಕಾಗಿದ್ದರು. ಮಾಲೂರಿನ ಕಡೆಗೆ ಒಬ್ಬಳು, ಕೋಲಾರದ ಸುತ್ತ ಒಬ್ಬಳು, ಮುಳಬಾಗಿಲಿನ ಕಡೆಗೆ ನಾನು. ತೆಲುಗು ಬರುತ್ತದೆಯೇ ಎಂದು ಮೇಡಂ ಕೇಳಿದರು. ನಮ್ಮೂರಲ್ಲಿ ತೆಲುಗು ಬಾರದವರಿದ್ದರೆ ತೋರಿಸಿ ಎಂದೆ. ಆ ಉತ್ತರಕ್ಕೇ ಕೆಲಸ ಸಿಕ್ಕಿತು ಎಂದು ಇವತ್ತಿಗೂ ನನ್ನ ನಂಬಿಕೆ.

ಕೋಲಾರದ ಬಸ್ ನಿಲ್ದಾಣದ ಹಿಂದಿನ ಒಂದು ಬಾಡಿಗೆ ಕೋಣೆಯೇ ನಮ್ಮ ಆಫೀಸು. ಒಂದು ಮೇಜು, ಎರಡು ಮಡಿಸುವ ಕುರ್ಚಿ, ಬೀಗ ಹಾಕಿದ ಒಂದು ಕಪ್ಪು ಟ್ರಂಕು. ಸೈಕ್ಲೋಸ್ಟೈಲ್ ಮಾಡಿದ ಫಾರಂಗಳ ಕಟ್ಟುಗಳಿಂದ ಬರುತ್ತಿದ್ದ ಶಾಯಿಯ ಘಾಟು ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಯಾರೂ ಇಲ್ಲದಾಗ ಫಾರಂ ಮೂಸಿ ನೋಡುತ್ತಿದ್ದೆ. ಒಂದು ಮಗುವಿಗೆ ಒಂದು ಫಾರಂ. ಎಂಟು ಪುಟ.

ಮೇಡಂ ಮೊದಲ ದಿನವೇ ಮೂರು ನಿಯಮ ಹೇಳಿಕೊಟ್ಟರು. ಫಾರಂನಲ್ಲಿ ಮಗುವಿನ ಹೆಸರು ಬರೆಯಬಾರದು, ನಾವೇ ಒಂದು ಹೊಸ ನಂಬರು ಕೊಡಬೇಕು. ಯಾವ ನಂಬರು ಯಾವ ಮಗು ಎಂಬ ಪಟ್ಟಿ ಬೇರೆ ನೋಟ್‌ಬುಕ್ಕಿನಲ್ಲಿರಬೇಕು, ಅದು ಟ್ರಂಕಿಗೆ ಹೋಗಬೇಕು. ನಾವು ಮನೆಯಲ್ಲೇ ಕೂತು ಸುಳ್ಳು ಸುಳ್ಳೇ ತುಂಬಿಲ್ಲ ಎನ್ನುವುದಕ್ಕೆ ಪ್ರತಿ ಫಾರಂನ ಕೊನೆಯ ಪುಟದಲ್ಲಿ ಹೆಡ್‌ಮೇಷ್ಟ್ರ ಮೊಹರು ಬೀಳಬೇಕು, ಆದರೆ ಅದನ್ನು ನಮ್ಮ ಎದುರಿಗೇ ಹಾಕಿಸಬೇಕು. "ಫಾರಂ ಯಾವತ್ತೂ ನಿಮ್ಮ ಕೈ ಬಿಟ್ಟು ಹೋಗಬಾರದು" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವಾಗಲೂ ಮುಂದು.

ತಾಯಲೂರಿನಲ್ಲಿ ಬಸ್ಸಿಳಿದು, ಕೆರೆ ಏರಿಯ ಮೇಲೆ ಮುಕ್ಕಾಲು ಗಂಟೆ ನಡೆದರೆ ನನ್ನ ಪಾಲಿಗೆ ಬಂದ ಕೊನೆಯ ಹಳ್ಳಿ. ಚಳಿಗಾಲ ಮುಗಿಯುತ್ತಿತ್ತು. ರಾಗಿ ಕೊಯ್ದು ಕಣಕ್ಕೆ ಹಾಕಿದ್ದರು. ಬಾವಿ ಇದ್ದವರ ಹೊಲದಲ್ಲಿ ಮಾತ್ರ ಹಿಪ್ಪುನೇರಳೆ ಹಸಿರಾಗಿ ನಿಂತಿತ್ತು. ಏಳನೇ ಕ್ಲಾಸಿನವರೆಗೆ ಶಾಲೆ, ಮೂರು ಕೋಣೆ, ಅಂಗಳದಲ್ಲಿ ಒಂದು ಹೊಂಗೆಮರ. ಹೆಡ್‌ಮೇಷ್ಟ್ರು ಅದೇ ಊರಿನವರು. ಪಂಚೆ ಉಟ್ಟು ಅದರ ಮೇಲೆ ಕೋಟು ಹಾಕುತ್ತಿದ್ದರು. ಕೋಟಿನ ಒಂದು ಜೇಬಿನಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಕಡ್ಲೆಕಾಯಿ.

ಮೊದಲ ದಿನವೇ ಅಲ್ಲಿಯ ಹಾಜರಿ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಆ ಊರಿನಲ್ಲಿ ಹೆಣ್ಣು ಹುಟ್ಟಿದರೆ ಊರದೇವತೆಯ ಹೆಸರಿಡುವುದು ಪದ್ಧತಿ. ಹಾಗಾಗಿ ಏಳನೇ ಕ್ಲಾಸಿನಲ್ಲಿದ್ದ ಆರು ಹುಡುಗಿಯರಲ್ಲಿ ಐವರದು ಒಂದೇ ಹೆಸರು! ಹೆಸರು ಕರೆದರೆ ಐದು ಜನ "ಸಾರ್" ಎನ್ನುತ್ತಿದ್ದರು. ಮೇಷ್ಟ್ರು ಅದಕ್ಕೆ ಉಪಾಯ ಮಾಡಿದ್ದರು. ಒಂದನೇ ಕ್ಲಾಸಿಗೆ ಸೇರಿದಾಗ ಬಂದ ಹಾಜರಿ ನಂಬರನ್ನೇ ಏಳನೆಯವರೆಗೂ ಇಟ್ಟುಕೊಂಡು, ಅದರಿಂದಲೇ ಕರೆಯುತ್ತಿದ್ದರು.

"ಏ ನಾಲ್ಕು, ಕಿಟಕಿ ಮುಚ್ಚೇ! ಹನ್ನೊಂದು, ನೀನ್ ಹೇಳು ಮಗ್ಗಿ!"

ಇದೆಲ್ಲವನ್ನೂ ನಾನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಕೋಲಾರಕ್ಕೆ ಹೋಗಿ ಗೆಳತಿಯರಿಗೆ ಹೇಳಿ ನಗಿಸಬೇಕು ಎಂದುಕೊಂಡೆ. ಆದರೆ ಫಾರಂಗೆ ನಂಬರು ಕೊಡುವಾಗ, ರಿಜಿಸ್ಟರಿನ ಜೊತೆ ತಾಳೆ ನೋಡಲು ಸುಲಭವಾಗುತ್ತದೆ ಎಂದು, ಹೊಸ ನಂಬರಿನ ಬದಲು ಅದೇ ಹಾಜರಿ ನಂಬರನ್ನು ಬರೆದುಬಿಟ್ಟೆ. ಬೇರೆ ಪಟ್ಟಿ ಬರೆಯುವ ಕೆಲಸವೂ ಉಳಿಯಿತಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಬಿ.ಎ. ಮಾಡಿದವಳಿಗೆ ಒಂದಿಷ್ಟು ಕೊಂಬು ಇರುತ್ತದೆ.

ಹನ್ನೊಂದನೇ ನಂಬರಿನ ಹುಡುಗಿಯನ್ನು ಹೊಂಗೆಮರದ ಕೆಳಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದೆ. ಸಣ್ಣಗೆ, ಕಪ್ಪಗೆ, ಕಣ್ಣಿನಲ್ಲೇ ಮಾತಾಡುವವಳು. ಏಳು ವರ್ಷದಲ್ಲಿ ಅವಳು ತಪ್ಪಿಸಿಕೊಂಡ ದಿನಗಳು ಬೆರಳಲ್ಲಿ ಎಣಿಸುವಷ್ಟು. ನಾನು ಕೇಳಿದ್ದಕ್ಕೆಲ್ಲ ಪಟಪಟನೆ ಹೇಳಿದಳು. ಮುಂದೆ ಹೈಸ್ಕೂಲಿಗೆ ಹೋಗುತ್ತೀಯಾ ಎಂದಾಗ ಮಾತ್ರ ಹೊಂಗೆಯ ಎಲೆಯೊಂದನ್ನು ಚೂರು ಚೂರು ಮಾಡುತ್ತಾ ಕೂತಳು.

"ಅಕ್ಕ, ಒಂದ್ ಮಾತ್ ಹೇಳ್ತೀನಿ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡು."

ಮಾಡಿದೆ.

ಅವಳು ದೊಡ್ಡವಳಾಗಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳ ಅಕ್ಕ ದೊಡ್ಡವಳಾದಾಗ ಹಸೆಗೆ ಕೂರಿಸಿ, ಆರತಿ ಎತ್ತಿ, ಎಳ್ಳಿನ ಚಿಗಳಿ ತಿನ್ನಿಸಿ ಸಂಭ್ರಮ ಮಾಡಿದ್ದರು. ಅದಾದ ಮೇಲೆ ಅಕ್ಕ ಶಾಲೆಯ ಕಡೆ ಮುಖ ಹಾಕಿರಲಿಲ್ಲ. ಇವಳು ಅದನ್ನು ನೋಡಿದ್ದಳು. ಅದಕ್ಕೇ ಹೊಲದ ಬಾವಿಯ ಹತ್ತಿರ ಬಟ್ಟೆ ಒಗೆದುಕೊಂಡು, ಹಿಪ್ಪುನೇರಳೆಯ ಗಿಡಗಳ ನಡುವೆ ಒಣಗಿಸಿಕೊಂಡು, ಬಾಯಿ ಮುಚ್ಚಿಕೊಂಡಿದ್ದಳು.

"ಮತ್ತೆ ಹುಳದ ಮನೆ?" ಎಂದೆ. ರೇಷ್ಮೆ ಹುಳ ಸಾಕುವ ಕೋಣೆಗೆ ಆ ದಿನಗಳಲ್ಲಿ ಹೆಂಗಸರು ಕಾಲಿಡುವಂತಿಲ್ಲ, ಇಟ್ಟರೆ ಹುಳ ಸಾಯುತ್ತದೆ ಎಂದು ಆ ಕಡೆಯವರಲ್ಲಿ ನಂಬಿಕೆ. ಅವರ ಮನೆಯಲ್ಲಿ ಹುಳಕ್ಕೆ ಸೊಪ್ಪು ಹಾಕುವುದು ಇವಳದೇ ಕೆಲಸ.

"ಹೋಗ್ದಿದ್ರೆ ಯಾಕೆ ಅಂತಾರಲ್ಲಕ್ಕ. ಮೊದಲ್ನೇ ಸಲ ಹೆದರ್ಕೊಂಡೇ ಹೋದೆ. ದಿನಾ ಎದ್ದು ಎಷ್ಟ್ ಹುಳ ಸತ್ತೈತೆ ಅಂತ ನೋಡ್ತಿದ್ದೆ." ಅವಳು ದನಿ ತಗ್ಗಿಸಿದಳು. "ಏನೂ ಆಗ್ಲಿಲ್ಲ ಅಕ್ಕ. ಆಮೇಲ್ ಇನ್ನೊಂದ್ ಬೆಳೆಗೂ ಹಂಗೇ ಹೋದೆ. ಗೂಡು ಇನ್ನೂ ಚೆನ್ನಾಗ್ ಬಂತು!"

ನಮ್ಮ ಇಡೀ ಸಂಶೋಧನೆಯಲ್ಲಿ ನಿಜವಾದ ಸಂಶೋಧನೆ ಮಾಡಿದವಳು ಇವಳೇ ಎಂದು ಈಗ ಅನಿಸುತ್ತದೆ. ಆಗ ನನಗೆ ಅನಿಸಿದ್ದು, ಮೇಡಂ ಎಷ್ಟು ಖುಷಿಪಡುತ್ತಾರೋ ಎಂದು ಮಾತ್ರ. ಅವಳು ಕ್ಲಾಸಿಗೆ ಓಡಿದ ಮೇಲೆ ಏಳನೇ ಪುಟದಲ್ಲಿ, ದುಂಡಗಿನ ಅಕ್ಷರಗಳಲ್ಲಿ, ಒಂದೂ ಬಿಡದೆ ಬರೆದೆ. ದೊಡ್ಡವಳಾದದ್ದು, ಬಾವಿ, ಹುಳದ ಮನೆ, ಎಲ್ಲ. ನಾನು ಆಣೆ ಮುರಿಯುತ್ತಿದ್ದೇನೆ ಎಂದು ಒಂದು ಕ್ಷಣವೂ ಅನಿಸಲಿಲ್ಲ. ಹೆಸರು ಬರೆದಿಲ್ಲವಲ್ಲ!

ಕೊನೆಯ ದಿನ ಮೊಹರು ಹಾಕಿಸುವುದಿತ್ತು. ಮಧ್ಯಾಹ್ನದ ಗಂಟೆ ಹೊಡೆದು ಮಕ್ಕಳು ಊಟಕ್ಕೆ ಮನೆಗೆ ಹೊರಟರು. ಹನ್ನೊಂದು ಬಂದು ಕೈ ಹಿಡಿದು, ಅಜ್ಜಿ ಊಟಕ್ಕೆ ಕರೆದಿದ್ದಾರೆ ಎಂದಳು. "ಹೋಗ್ ಬಾರಮ್ಮ, ಅಷ್ಟ್ರಲ್ಲಿ ನಾನ್ ಮೊಹರ್ ಹಾಕಿಟ್ಟಿರ್ತೀನಿ" ಎಂದರು ಮೇಷ್ಟ್ರು. ಇಡೀ ಕಟ್ಟನ್ನು ಅವರ ಮೇಜಿನ ಮೇಲಿಟ್ಟು ಹೊರಟೆ.

ಅವಳ ಅಜ್ಜಿ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿ, ಎದುರಿಗೆ ಕೂತು ನನ್ನ ಮದುವೆಯ ವಿಚಾರ ಕೇಳತೊಡಗಿದರು. ನಾನು ಇನ್ನೊಂದು ತುತ್ತು ಸಾರಿನಲ್ಲಿ ಅದ್ದುತ್ತಿದ್ದೆ. ಅಜ್ಜಿ ಹಿತ್ತಲಿನ ಕಡೆ ತಿರುಗಿ ಕೂಗಿದರು.

"ಏಮೇ ಪದಕೊಂಡೂ! ನೀಳ್ಳು ತೇವೇ!"

ಹನ್ನೊಂದೇ, ನೀರು ತಾರೇ ಎಂದು. ಮನೆಯಲ್ಲೂ ಅದೇ ಹೆಸರು, ತೆಲುಗಿನಲ್ಲಿ! ಅವಳು ಚೊಂಬು ಹಿಡಿದು ಬಂದಳು. ಅಜ್ಜಿ ನಗುತ್ತಾ, ಮನೆಯಲ್ಲೇ ಆ ಹೆಸರಿನವರು ನಾಲ್ಕು ಜನ ಇದ್ದೀವಿ, ಮೇಷ್ಟ್ರ ನಂಬರೇ ವಾಸಿ, ಊರೆಲ್ಲ ಹಾಗೇ ಕರೆಯುತ್ತದೆ ಎಂದರು.

ಆಗ ನನಗೆ ಹೊಳೆಯಿತು. ಹೆಸರು ಬರೆದಿದ್ದರೆ ಐವರಲ್ಲಿ ಯಾರೋ ಒಬ್ಬಳು ಎಂದಾದರೂ ಆಗುತ್ತಿತ್ತು. ನಂಬರು ಬರೆದು ನಾನು ಅವಳೊಬ್ಬಳನ್ನೇ ಬೆರಳು ಮಾಡಿ ತೋರಿಸಿದ್ದೆ, ಅದೂ ಅವಳ ಊರಿನವರೇ ಆದ ಮೇಷ್ಟ್ರ ಮೇಜಿನ ಮೇಲೆ. ಅವರು ಸಂಜೆ ಜಗಲಿಯ ಮೇಲೆ ಒಂದು ಮಾತು ಆಡಿದರೆ ಸಾಕು, ಅವಳ ಶಾಲೆ ಅಲ್ಲಿಗೆ ಮುಗಿಯಿತು. ಮುಂದಿನ ಬೆಳೆಯಲ್ಲಿ ನಾಲ್ಕು ಹುಳ ಸತ್ತರೂ ಅದು ಅವಳ ತಲೆಯ ಮೇಲೆ.

ಬಸ್ಸಿಗೆ ಹೊತ್ತಾಯಿತು ಎಂದು ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದು ಓಡಿದೆ. ಊಟ ಸೇರಲಿಲ್ಲವೇನೋ ಎಂದು ಅಜ್ಜಿ ನೊಂದುಕೊಂಡಿರಬೇಕು. ಆ ಅರ್ಧ ಮುದ್ದೆಯ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಶಾಲೆಯಲ್ಲಿ ಮೇಷ್ಟ್ರು ಆಗಲೇ ಶಾಯಿ ಪ್ಯಾಡಿನ ಮುಚ್ಚಳ ಹಾಕುತ್ತಿದ್ದರು. ಬೆರಳೆಲ್ಲ ನೇರಳೆ ಬಣ್ಣ. ಫಾರಂಗಳನ್ನು ನೂಲಿನಿಂದ ಬಿಗಿಯಾಗಿ, ಎರಡು ಗಂಟು ಹಾಕಿ ಕಟ್ಟಿದ್ದರು. ಓದಿದಿರಾ ಎಂದು ಹೇಗೆ ಕೇಳುವುದು? ಕೇಳಿದರೆ ನಾನೇ ತೋರಿಸಿಕೊಟ್ಟ ಹಾಗೆ. ಕಟ್ಟನ್ನು ಎತ್ತಿಕೊಂಡೆ.

"ಎಲ್ಲಾ ಸರಿಗೈತಮ್ಮ. ಮೊಹರು ಹಳೇದು, ಒಂದೆರಡ್ ಕಡೆ ಕೆಟ್ಟದಾಗ್ ಬಿದ್ದೈತೆ. ನಿಮ್ ಮೇಡಮ್ಮೋರ್ಗೆ ತಪ್ ತಿಳೀಬೇಡಿ ಅಂತ ಹೇಳು" ಎಂದರು. ಕೋಟಿನ ಜೇಬಿನಿಂದ ಒಂದು ಹಿಡಿ ಕಡ್ಲೆಕಾಯಿ ತೆಗೆದು ನನ್ನ ಕೈಗೆ ಹಾಕಿದರು.

ಕೆರೆ ಏರಿಯ ಮೇಲೆ ಅಳುತ್ತಾ ನಡೆದೆ. ಕಡ್ಲೆಕಾಯಿಯನ್ನೂ ತಿಂದೆ, ಹಸಿವಾಗಿತ್ತು.

ಮಾರನೆಯ ದಿನ ಕೋಲಾರದಲ್ಲಿ ಮೇಡಂ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಆ ಮಗು ಹೇಳಿದ್ದು ನಿನಗೆ ಕಣಮ್ಮ, ಫಾರಂಗಲ್ಲ" ಎಂದರು. ಆಮೇಲೆ ಬ್ಲೇಡಿನಿಂದ ನೂಲು ಕತ್ತರಿಸಿ ಒಂದೊಂದೇ ಫಾರಂ ತಿರುವಿದರು. ಎಲ್ಲದರಲ್ಲೂ ಮೊಹರು ಕೊನೆಯ ಪುಟದ ಕೆಳಗೆ, ಬಲಗಡೆ, ಅಚ್ಚುಕಟ್ಟಾಗಿ ಬಿದ್ದಿತ್ತು. ಒಂದೂ ಕೆಟ್ಟಿರಲಿಲ್ಲ.

ಹನ್ನೊಂದನೆಯ ಫಾರಂ ಬಂತು. ಮೇಡಂ ಏಳನೇ ಪುಟದಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಪುಟವನ್ನು ನನ್ನ ಕಡೆ ತಿರುಗಿಸಿದರು.

ನಾನು ದುಂಡಗೆ ಬರೆದಿದ್ದ ಸಾಲುಗಳ ಮೇಲೆ ಮೊಹರು. ಒಂದಲ್ಲ, ಎರಡಲ್ಲ. ಒಂದರ ಮೇಲೊಂದು, ಅಡ್ಡ, ಉದ್ದ, ಹತ್ತು ಹದಿನೈದು ಸಲ ಒತ್ತಿ ಒತ್ತಿ ಹಾಕಿದ್ದರು. ಇಡೀ ಉತ್ತರ ನೇರಳೆ ಶಾಯಿಯಲ್ಲಿ ಮುಳುಗಿಹೋಗಿತ್ತು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರೂ ಒಂದು ಅಕ್ಷರ ಕಾಣಲಿಲ್ಲ. ನನಗೆ ಅಳು ಬಂತು. ಈ ಸಲದ ಅಳು ಬೇರೆ.

"ಮತ್ತೆ ಬರೆದುಕೊಡಲಾ ಮೇಡಂ?" ಎಂದೆ, ಪೆದ್ದಿಯ ಹಾಗೆ.

"ಬೇಡ. ಮೇಷ್ಟ್ರಿಗೆ ಇರೋ ಬುದ್ಧಿ ನಮಗೆ ಇರ್ಲಿಲ್ಲ. ಉತ್ತರ ಇಲ್ಲ ಅಂತ ಹಾಕು."

ಆ ಸಂಜೆಯೆಲ್ಲ ಕೂತು ಎಲ್ಲ ಫಾರಂಗಳಿಗೂ ಹೊಸ ನಂಬರು ಹಾಕಿದೆ. ಪಟ್ಟಿ ಟ್ರಂಕಿಗೆ ಹೋಯಿತು. ಮೇಡಂ ಅವರ ವರದಿ ಮುಂದೆ ಅಚ್ಚಾಯಿತು, ನನಗೂ ಒಂದು ಪ್ರತಿ ಬಂತು. ನಾನು ಆ ವರ್ಷ ತಿಳಿದುಕೊಂಡ ದೊಡ್ಡ ಸಂಗತಿ ಅದರಲ್ಲಿಲ್ಲ.

ಜೂನ್ ಕಳೆದ ಮೇಲೆ ಶ್ರೀನಿವಾಸಪುರದ ಮನೆಗೆ ಮೇಷ್ಟ್ರ ಒಂದು ಕಾರ್ಡು ಬಂತು. "ನಮ್ಮ ಶಾಲೆಯಿಂದ ಈ ಸಲ ಒಬ್ಬಳು ತಾಯಲೂರು ಹೈಸ್ಕೂಲಿಗೆ ಸೇರಿದ್ದಾಳೆ. ಮೊಹರಿನ ಶಾಯಿ ಮುಗಿದುಹೋಗಿದೆ. ಆಶೀರ್ವಾದ." ಹೆಸರಿರಲಿಲ್ಲ, ನಂಬರೂ ಇರಲಿಲ್ಲ. ಕಾರ್ಡು ಎಂದರೆ ಅಂಚೆಯವನಿಂದ ಹಿಡಿದು ಎಲ್ಲರೂ ಓದುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಎಂಬತ್ತರ ದಶಕದ ನಡುವೆ ಒಮ್ಮೆ, ಮಾವಿನ ಕಾಲದಲ್ಲಿ, ಶ್ರೀನಿವಾಸಪುರದಿಂದ ಹೊರಟ ಕೋಲಾರದ ಬಸ್ಸಿನಲ್ಲಿ ಹಣ್ಣಿನ ಮಂಕರಿಗಳ ನಡುವೆ ಕಾಲಿಡಲು ಜಾಗವಿಲ್ಲದೆ ನಿಂತಿದ್ದೆ. ಯಾರೋ ಸೆರಗು ಜಗ್ಗಿದರು.

"ಅಕ್ಕ, ಗುರುತು ಸಿಕ್ತಾ?"

ಕಣ್ಣು ಅದೇ. ಸೀರೆ ಉಟ್ಟಿದ್ದಳು, ಮಡಿಲಲ್ಲಿ ಪುಸ್ತಕಗಳಿದ್ದವು. ಟೀಚರ್ ಟ್ರೈನಿಂಗ್ ಮಾಡುತ್ತಿದ್ದೇನೆ ಎಂದಳು. ಸರಿದು ನನಗೂ ಜಾಗ ಮಾಡಿದಳು. ನಾನು ಕೋಲಾರದವರೆಗೂ ತಡೆದುಕೊಳ್ಳಲಾರದೆ, ಫಾರಂನ ಕಥೆಯನ್ನೆಲ್ಲ ಹೇಳಿ ತಪ್ಪಾಯಿತು ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು.

"ಮನೇಲಿ ಗೊತ್ತಾದಾಗ ಮೇಷ್ಟ್ರೇ ಬಂದು ಅಜ್ಜಿ ಹತ್ರ ಕೂತು ಓದ್ ಬಿಡಿಸ್ಬೇಡಿ ಅಂತ ಒಪ್ಪಿಸಿದ್ರು ಅಕ್ಕ. ಮೂರ್ ದಿನ ಬಂದ್ರು. ನನ್ ವಿಷ್ಯ ಅವ್ರಿಗ್ ಮೊದ್ಲೇ ಗೊತ್ತಿತ್ತು ಅಂತ ಮಾತ್ರ ಕೊನೇವರ್ಗೂ ಹೇಳ್ಲಿಲ್ಲ ನೋಡು." ಆಮೇಲೆ ನನ್ನ ಕಡೆ ತಿರುಗಿದಳು. "ನೀನ್ ಬರೀ ಅಕ್ಕ ಇದನ್ನ. ಹುಳ ಸಾಯ್ಲಿಲ್ಲ ಅನ್ನೋದು ಎಲ್ರಿಗೂ ಗೊತ್ತಾಗ್ಲಿ. ಹೆಸ್ರು ಮಾತ್ರ ಬೇಡ. ಈ ಸಲ ನಂಬರೂ ಬೇಡ."

ಬರೆಯಲು ಇಷ್ಟು ವರ್ಷ ಹಿಡಿಯಿತು. ಹೆಸರು ಹಾಕಿಲ್ಲ. ಕರೆಯಲು ಒಂದು ನಂಬರು ಬೇಕಿತ್ತು, ಅದಕ್ಕೆ ಹನ್ನೊಂದು ಎಂದೆ. ಅವಳ ನಂಬರು ಅದಲ್ಲ.