ಅವನ ಮಾತನ್ನು ಅವನ ಮಾತಾಗಿಯೇ

ಆ ವಿದೇಶಿ ನಿರ್ಮಾಪಕನ ಮೇಲೆ ನಾನು ಸೇಡು ತೀರಿಸಿಕೊಂಡದ್ದು ಒಂದೇ ಒಂದು ಸುಳ್ಳನ್ನೂ ಹೇಳದೆ. ಅದಕ್ಕೇ ಅದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

ದೆಹಲಿಗೆ ಚಿತ್ರೀಕರಣಕ್ಕೆ ಬರುವ ಪರದೇಶದ ತಂಡಗಳಿಗೆ ಪರವಾನಗಿ, ವ್ಯಾನು, ಊಟ, ಹೋಟೆಲು ಹೊಂದಿಸುವುದು ನನ್ನ ಉದ್ಯೋಗ. ಪೊಲೀಸರ ಪರವಾನಗಿ ಕೈಯಲ್ಲಿದ್ದರೆ ಎಲ್ಲ ಮುಗಿಯಿತು ಎಂದು ಬಂದವರೆಲ್ಲ ನಂಬಿರುತ್ತಾರೆ. ದೆಹಲಿಯೊಳಗೇ ಉಳಿದ ಹಳ್ಳಿಯಾದ ಮುನಿರ್ಕಾದ ಓಣಿಗಳಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಚೌಪಾಲಿನ, ಅಂದರೆ ಊರ ಪಂಚಾಯಿತಿ ಸೇರುವ ಜಾಗದ, ಕಟ್ಟೆಯ ಮೇಲೆ ಹುಕ್ಕಾ ಸೇದುತ್ತ ಕೂತ ಹಿರಿಯರು ತಲೆಯಾಡಿಸಬೇಕು. ಆ ಹಿರಿಯರಲ್ಲಿ ದೊಡ್ಡವರು, ನಾನು ದಾವಣಗೆರೆಯಿಂದ ಓದಲು ಬಂದಾಗ ಬಾಡಿಗೆಗಿದ್ದ ಮನೆಯ ಮಾಲೀಕರು. ಎಲ್ಲರಂತೆ ನಾನೂ ಅವರನ್ನು ತಾವೂಜಿ, ಅಂದರೆ ದೊಡ್ಡಪ್ಪ, ಎನ್ನುತ್ತಿದ್ದೆ. ನನಗೆ ಡೆಂಗ್ಯೂ ಬಂದಾಗ ಮೂರನೇ ಮಹಡಿಗೆ ಖಿಚಡಿ ಹೊತ್ತು ತಂದ ಮನೆ ಅದು.

ನಿರ್ಮಾಪಕನನ್ನು ಅವರ ಮುಂದೆ ಕೂರಿಸಿ ನಡುವೆ ನಾನು ಕೂತೆ. "ಈ ಮುದುಕರು ಇನ್ನೆಷ್ಟು ಹೊತ್ತು ಹೊಗೆ ಬಿಡ್ತಾರೆ?" ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದರೆ, ನಿಮ್ಮ ಜೊತೆ ಕೂರುವ ಭಾಗ್ಯ ಸಿಕ್ಕಿತು ಎನ್ನುತ್ತಿದ್ದಾರೆ ಎಂದು ಹಿಂದಿಯಲ್ಲಿ ಹೇಳುತ್ತಿದ್ದೆ. ನನ್ನ ಕಸುಬಿನಲ್ಲಿ ಎಲ್ಲರೂ ಮಾಡುವುದು ಇದನ್ನೇ. ತಾವೂಜಿ ಒಪ್ಪಿದರು. ಷರತ್ತು ಒಂದೇ: ಓಣಿಯಲ್ಲಿ ಒಂದು ಸಾವಾಗಿತ್ತು, ಆ ಮನೆಯ ಹದಿಮೂರನೇ ದಿನದ ಕಾರ್ಯ ಮುಗಿಯುವವರೆಗೆ ಅಲ್ಲಿ ವಾದ್ಯ ಬಾರಿಸಕೂಡದು. ನಾನು ಮಾತು ಕೊಟ್ಟೆ.

ಕಾರ್ಯದ ದಿನವೇ ನಿರ್ಮಾಪಕ ನನ್ನನ್ನು ಒಂದು ಹಳೆಯ ಕಾರ್ಖಾನೆ ನೋಡಿ ಬಾ ಎಂದು ಫರೀದಾಬಾದ್‌ಗೆ ಅಟ್ಟಿದ. ನಾನು ಅತ್ತ ಹೋದದ್ದೇ ತಡ, ಇತ್ತ ಬ್ಯಾಂಡಿನವರನ್ನು ಕರೆಸಿ ಮದುವೆ ಮೆರವಣಿಗೆಯ ದೃಶ್ಯ ತೆಗೆದ. ಪಕ್ಕದಲ್ಲೇ ಹೆಂಗಸರು ಅಳುತ್ತಿದ್ದರಂತೆ. ಹಿರಿಯರು ಓಡಿ ಬಂದು ಕೇಳಿದ್ದಕ್ಕೆ, ಒಪ್ಪಿಗೆ ಕೊಟ್ಟವಳು ನಾನೇ ಎಂದು ಡ್ರೈವರ್ ಬಾಯಲ್ಲಿ ಹೇಳಿಸಿದ. ಸಂಜೆ ಕಟ್ಟೆಯ ಹತ್ತಿರ ಹೋದರೆ ತಾವೂಜಿ ನನ್ನತ್ತ ನೋಡಲೂ ಇಲ್ಲ.

ಮರುದಿನ ಓಣಿಯ ಬಾಯಿಗೆ ಊರವರ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಕೊನೆಯ ದೃಶ್ಯ ಬಾಕಿ, ಅಂದೇ ನಾಯಕಿ ವಿಮಾನ ಹತ್ತಬೇಕು. ಆ ದೃಶ್ಯವಿಲ್ಲದೆ ಚಿತ್ರಕ್ಕೆ ಮುಕ್ತಾಯವೇ ಇರಲಿಲ್ಲ. ನಿಜ ಹೇಳಿ ಕ್ಷಮೆ ಕೇಳು ಎಂದು ನಾನು ಹೇಳಹೊರಟರೆ, "ನಿನ್ನ ಸಲಹೆ ಬೇಡ. ನಾನು ಹೇಳಿದ್ದನ್ನು ಅನುವಾದಿಸು, ಸಾಕು," ಎಂದ.

ಆಗಲಿ ಎಂದೆ. ಅಷ್ಟು ಸಂತೋಷದಿಂದ ನಾನು ಯಾರ ಆಜ್ಞೆಯನ್ನೂ ಪಾಲಿಸಿಲ್ಲ.

ನಾನೇ ಕಲಿಸಿಕೊಟ್ಟಿದ್ದಂತೆ ಕೈಮುಗಿದು, ನಗುನಗುತ್ತ ಅವನು ತಾವೂಜಿಯ ಮುಂದೆ ಕೂತ. "ಸತ್ತವನಿಗೇನು ಬ್ಯಾಂಡು ಕೇಳಿಸುತ್ತದೆಯೇ?" ಎಂದ. ಅದನ್ನೇ ಹಿಂದಿಯಲ್ಲಿ ಹೇಳಿದೆ. "ಈ ಕೊಳಕು ಓಣಿಗೆ ಕ್ಯಾಮೆರಾ ತಂದದ್ದೇ ಇವರ ಪುಣ್ಯ. ಇದನ್ನು ಸ್ವಲ್ಪ ಚೆನ್ನಾಗಿ ಹೇಳು," ಎಂದ. ಚೆನ್ನಾಗಿ ಹೇಳು ಎಂದದ್ದನ್ನೂ ಸೇರಿಸಿ ಹೇಳಿದೆ. ಅವನು ಇನ್ನೂ ನಗುತ್ತಲೇ ಇದ್ದ.

ತಾವೂಜಿ ಹುಕ್ಕಾದ ಕೊಳವೆಯನ್ನು ಪಕ್ಕಕ್ಕಿಟ್ಟರು. "ಗಾಡಿ ತಗೊಂಡು ಹೋಗು ಅಂತ ಹೇಳು ಇವನಿಗೆ. ಈ ಓಣಿಯಲ್ಲಿ ಇನ್ನು ಇವನು ಕಾಲಿಡಬಾರದು."

ಅದನ್ನೂ ಅಕ್ಷರ ಬಿಡದೆ ಅನುವಾದಿಸಿದೆ. ಅವನ ಮುಖದ ನಗು ಇಳಿಯುವುದನ್ನು ಕಣ್ತುಂಬ ನೋಡಿದೆ. ಎಷ್ಟು ಗೋಗರೆದರೂ ಯಾರೂ ಟ್ರ್ಯಾಕ್ಟರ್ ಸರಿಸಲಿಲ್ಲ. ನಾಯಕಿ ವಿಮಾನ ಹತ್ತಿದಳು. ನನ್ನ ಹೊಟ್ಟೆ ತಣ್ಣಗಾಯಿತು.

ಚಿತ್ರತಂಡದ ಲಾರಿಗಳು ಹೊರಟ ಮೇಲೆ ತಾವೂಜಿ ನನ್ನನ್ನು ಕರೆದರು. ಬ್ಯಾಂಡು ತರಿಸಿದವಳು ನಾನಲ್ಲ ಎಂದು ಅವರಿಗೀಗ ಅರ್ಥವಾಗಿರಬೇಕು, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ ಎಂದುಕೊಂಡೆ.

"ಬೇಟಿ, ಇವತ್ತು ಅವನು ಅಂದಿದ್ದನ್ನೇ ಹೇಳಿದೆ, ಅಲ್ವಾ?"

"ಹೌದು, ತಾವೂಜಿ."

"ಅಚ್ಛಾ. ಹಾಗಾದ್ರೆ ಮೊದಲ ದಿನ ನಾವು ಒಪ್ಪಿಕೊಂಡದ್ದು ಯಾರ ಮಾತಿಗೆ?"

ತಾವೂಜಿ ಹುಕ್ಕಾದ ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡರು.

"ಮನೆಗೆ ಬಾ, ಬೇಡ ಅನ್ನಲ್ಲ. ಆದ್ರೆ ಒಬ್ಬಳೇ ಬಾ. ಇನ್ನು ಯಾರನ್ನೂ ಕರ್ಕೊಂಡು ಬರಬೇಡ."

ಒಬ್ಬಳೇ ಹೋಗಲು ನನಗಿನ್ನೂ ಮುಖವಿಲ್ಲ. ಅದಕ್ಕೂ ಸೇರಿಸಿಯೇ ಆ ನಿರ್ಮಾಪಕನಿಗೆ ಇವತ್ತಿಗೂ ಶಾಪ ಹಾಕುತ್ತೇನೆ.